ಮುಕ್ಕಾಲು ಗಂಟೆಯ ಕೆಲಸ, ಮೂರು ಗಂಟೆಯ ಯಂತ್ರ

ಮನೆ ಮುಂದಿನ ಹುಲ್ಲುಹಾಸನ್ನು ಎಬ್ಬಿಸಿ, ಅಡಿಯ ನೆಲವನ್ನು ಮಟ್ಟ ಮಾಡಿಸಿ, ಮತ್ತೆ ಹಾಸಿಸಲು ನನಗೆ ಒಂಬತ್ತು ಸಾವಿರ ರೂಪಾಯಿ ಹಿಡಿಯಿತು. ಕೆಲಸದ ನಿಜವಾದ ಬೆಲೆ ಎರಡು ಸಾವಿರ. ಮಿಕ್ಕ ಏಳು ಸಾವಿರ ನನ್ನ ಜಾಣತನಕ್ಕೆ ತಗುಲಿದ ವೆಚ್ಚ. ಗುಂಡ್ಲುಪೇಟೆ ಸಂತೆಯಲ್ಲಿ ಟಾರ್ಪಾಲು ಹಾಸಿ ಈರುಳ್ಳಿ ಮಾರಲು ಕೂತವನು ಇವತ್ತು ತೆರಕಣಾಂಬಿ ರಸ್ತೆಯಲ್ಲಿ ಸ್ವಂತ ಮನೆ ಕಟ್ಟಿದ್ದೇನೆಂದರೆ ಅದು ಚೌಕಾಸಿಯ ಬಲದಿಂದಲೇ. ಹೇಳಿದ ಬೆಲೆಗೆ ಯಾವ ವಸ್ತುವನ್ನೂ ಕೊಂಡವನಲ್ಲ. ಒಮ್ಮೆ ಚಾಮರಾಜನಗರದಲ್ಲಿ ಹಲ್ಲು ಕೀಳಿಸಲು ಹೋದಾಗ, ಒಂದಕ್ಕೆ ಮುನ್ನೂರು ಅಂದರು. ಎರಡಾದರೆ ಎಷ್ಟು ಅಂದೆ. ಐನೂರಕ್ಕೆ ಒಪ್ಪಿದರು. ನೋಯುತ್ತಿದ್ದ ಹಲ್ಲಿನ ಜೊತೆಗೆ ಸುಮ್ಮನೆ ಅಲುಗುತ್ತಿದ್ದ ಇನ್ನೊಂದನ್ನೂ ಕೀಳಿಸಿಕೊಂಡು, ನೂರು ರೂಪಾಯಿ ಉಳಿಸಿದ ಖುಷಿಯಲ್ಲಿ ಬಸ್ಸು ಹತ್ತಿದೆ. ನನ್ನ ಹೆಂಡತಿ ಗೌರಿ ಈ ಕತೆಯನ್ನು ಇಪ್ಪತ್ತು ವರ್ಷಗಳಿಂದ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಕೊಡುತ್ತಿದ್ದಾಳೆ.

ಹುಲ್ಲುಹಾಸು ಬಂದದ್ದು ಅವಳ ಮಂಡಿನೋವಿಗಾಗಿ. ಬೆಳಿಗ್ಗೆ ಬರಿಗಾಲಲ್ಲಿ ಮೆತ್ತನೆಯ ನೆಲದ ಮೇಲೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಹುಲ್ಲು ತಂದೆ. ಆದರೆ ನೆಲ ಮಟ್ಟ ಮಾಡಲು ಕೂಲಿಯಾಳು ಯಾಕೆ, ಹುಲ್ಲು ಬೆಳೆದರೆ ತಗ್ಗೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಮನೆ ಕಟ್ಟಿದಾಗ ಉಳಿದ ಕಲ್ಲುಮಣ್ಣಿನ ಮೇಲೇ ಹಾಸಿಬಿಟ್ಟೆ. ಮುಚ್ಚಿಕೊಂಡಿತು, ಸುಳ್ಳಲ್ಲ. ತಗ್ಗು ಎಲ್ಲಿದೆ ಎಂದು ಯಾರಿಗೂ ಕಾಣದಷ್ಟು ಚೆನ್ನಾಗಿ ಮುಚ್ಚಿಕೊಂಡಿತು. ಮೂರನೇ ತಿಂಗಳು ಗೌರಿ ಅದರಲ್ಲಿ ಕಾಲಿಟ್ಟು ಪಾದ ಉಳುಕಿಸಿಕೊಂಡಳು. ಮಂಡಿಗೆಂದು ನಡೆಯಲು ಹೋದವಳು ಹದಿನೈದು ದಿನ ಮಂಚ ಹಿಡಿದಳು. "ಈ ಸಲ ಸರಿಯಾಗಿ ಮಾಡ್ಸಿ. ಇಲ್ದಿದ್ರೆ ನಾನು ಹೈವೇಲೇ ನಡೀತೀನಿ, ಲಾರಿಯೋರಾದ್ರೂ ಹಾರ್ನ್ ಹೊಡ್ದು ಹೇಳ್ತಾರೆ" ಅಂದಳು.

ಮಣ್ಣು ಎತ್ತುವ ಪುಟ್ಟ ಲೋಡರ್ ಇಟ್ಟುಕೊಂಡಿದ್ದ ಮಾದೇಶ ಬಂದು ನೋಡಿದ. "ಅಣ್ಣ, ಗುತ್ಗೆ ಮಾತಾಡ್ಬುಡಿ. ಎರಡು ಸಾವ್ರ. ಮುಕ್ಕಾಲು ಗಂಟೆ ಕೆಲ್ಸ, ಮಟ್ಟ ಮಾಡಿ ತಿರ್ಗ ಹಾಸ್ಬುಟ್ಟು ಓಯ್ತೀನಿ" ಅಂದ. ಮುಕ್ಕಾಲು ಗಂಟೆಗೆ ಎರಡು ಸಾವಿರವೆ? ಎದುರಿನವನು ತಾನಾಗಿ ಹೇಳುವ ದಾರಿಯಲ್ಲಿ ಅವನದೇ ಲಾಭ ಇರುತ್ತದೆ ಎಂಬುದು ಈರುಳ್ಳಿ ಮಂಡಿ ವ್ಯಾಪಾರದ ಮೊದಲ ಪಾಠ. "ಗಂಟೆ ಲೆಕ್ಕ ಹೇಳು" ಅಂದೆ. ಸಾವಿರದ ಇನ್ನೂರು ಅಂದ. ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದ. ಮೂರನೇ ಸಲ ಒಂಬೈನೂರಕ್ಕೆ ಒಪ್ಪಿಸಿದೆ. ಒಪ್ಪಿದ ಮೇಲೆ ಅವನು ಮೆಲ್ಲಗೆ, "ಗಂಟೆ ಲೆಕ್ಕ ಅಂದ್ರೆ ಕಮ್ಮಿ ಅಂದ್ರೂ ಮೂರು ಗಂಟೆ ದುಡ್ಡು ಕೊಡ್ಬೇಕು ಕಣಣ್ಣ, ಲೋಡರ್ನ ಲಾರಿ ಮೇಲೇರ್ಸಿ ತರ್ಬೇಕಲ್ಲ" ಅಂದ. ಮುನ್ನೂರು ಇಳಿಸಿದ ಸಂತೋಷದಲ್ಲಿದ್ದ ನನಗೆ ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೌರಿ, "ಹಲ್ಲಿನ ಕತೆ ಆಯ್ತದೆ ನೋಡಿ" ಅಂದಳು.

ಮಾದೇಶ ಕೆಲಸಗಾರ. ಹುಲ್ಲನ್ನು ಗುದ್ದಲಿಯಿಂದ ಚೌಕ ಚೌಕ ಗೀರಿ, ಲೋಡರಿನ ಬಾಯನ್ನು ಅಡಿಗೆ ತೂರಿಸಿ, ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿದ. ಸುರುಳಿ ಸುತ್ತಿ ಗೋಡೆಗೆ ಒರಗಿಸಿದ. ನೆಲವನ್ನು ಕೆರೆದು, ತುಂಬಿ, ಅದುಮಿದ. ಅರ್ಧ ಗಂಟೆ ಆಗಿತ್ತು. "ಈಗ್ಲೇ ಹಾಸಿ ನೀರು ಬುಡನ ಅಣ್ಣ, ಬಿಸ್ಲಿಗೆ ಬೇರು ಒಣಗ್ತದೆ" ಅಂದ.

ಎರಡೂವರೆ ಗಂಟೆ ಇನ್ನೂ ನನ್ನ ಹೆಸರಿನಲ್ಲಿ ಬಾಕಿ ಇತ್ತು. ಯಂತ್ರ ಸುಮ್ಮನೆ ಗೊರಗುಟ್ಟುತ್ತ ನಿಂತರೆ ದುಡ್ಡು ದಂಡ. "ಹುಲ್ಲು ಎಲ್ಲಿ ಓಡಿಹೋಗ್ತದೆ? ಮೊದಲು ಆ ಹೊಂಗೆ ಬೊಡ್ಡೆ ಕೀಳು" ಅಂದೆ. ಆ ಬೊಡ್ಡೆ ಹತ್ತು ವರ್ಷದಿಂದ ಮೂಲೆಯಲ್ಲಿ ಯಾರ ತಂಟೆಗೂ ಹೋಗದೆ ಕೂತಿತ್ತು.

"ಅದ್ರ ಬೇರು ಎಲ್ಲಿಗೋಗದೋ ಏನೋ, ಬುಡಿ ಅಣ್ಣ."

"ಗಂಟೆ ನಂದು ಕಣಪ್ಪ."

ಬೇರು ಬೋರ್‌ವೆಲ್ ಪೈಪಿಗೆ ಸುತ್ತಿಕೊಂಡಿತ್ತು. ಬೊಡ್ಡೆ ಎದ್ದಿತು, ಜೊತೆಗೆ ಪೈಪೂ ಎದ್ದಿತು. ಆಕಾಶಕ್ಕೆ ಚಿಮ್ಮಿದ ನೀರನ್ನು ನೋಡುತ್ತ ಮಾದೇಶ ಯಂತ್ರ ಆರಿಸಿ, "ಇನ್ನೂ ಒಂದೂಮುಕ್ಕಾಲು ಗಂಟೆ ಅದೆ ಅಣ್ಣ. ಇನ್ನೇನಾರ ಕೀಳನ?" ಅಂದ.

ಮೋಟಾರು ನಿಲ್ಲಿಸಿದೆವು. ನಮ್ಮ ಪ್ಲಂಬರು ಚಾಮರಾಜನಗರಕ್ಕೆ ಮದುವೆಗೆ ಹೋಗಿದ್ದವನು ಮಾರನೇ ದಿನ ಮಧ್ಯಾಹ್ನ ಬಂದು, ಪೈಪೂ ಸೇರಿ ಸಾವಿರದ ಮುನ್ನೂರು ತೆಗೆದುಕೊಂಡ. ಅಷ್ಟರಲ್ಲಿ ನೀರಿಲ್ಲದೆ ನನ್ನ ಹುಲ್ಲಿನ ದೋಸೆಗಳೆಲ್ಲ ಸೀದು ಹಪ್ಪಳವಾಗಿದ್ದವು. ಪಕ್ಕದ ಮನೆಯ ನಂಜಮ್ಮ ಅವನ್ನು ತನ್ನ ಹಸುವಿಗೆ ಒಯ್ದಳು. ಹಾಗೇ ನಮ್ಮ ಅಂಗಳವನ್ನು ಕಣ್ಣಲ್ಲೇ ಅಳೆದು, "ಅಣ್ಣಯ್ಯ, ಅದೆಷ್ಟು ಮಟ್ಟಸವಾಗದೆ. ರಸ್ತೇಲಿ ಹುಳ್ಳಿ ಹರವಿ ಹರವಿ ಸಾಕಾಗದೆ, ಎರಡು ದಿನ ಇಲ್ಲೇ ಒಣಗಾಕ್ಲಾ?" ಅಂದಳು. ಹಾಕ್ಕೊ ಅಂದೆ. ಎರಡು ದಿನ ನಮ್ಮ ಹುಲ್ಲುಹಾಸಿನ ಜಾಗದಲ್ಲಿ ಹುರುಳಿ ಮಲಗಿತ್ತು. ಗೌರಿ ಜಗುಲಿಯಲ್ಲಿ ಕುಳಿತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

ಹೊಸ ಹುಲ್ಲು ಕೊಳ್ಳಲು ನರ್ಸರಿಗೆ ಹೋದಾಗ ಅವಳು ನನ್ನನ್ನು ಕಾರಿನಲ್ಲೇ ಕೂರಿಸಿ, ಗಾಜು ಏರಿಸಿಕೊಳ್ಳಲು ಹೇಳಿ, ಒಬ್ಬಳೇ ಕುಂಟುತ್ತ ಒಳಗೆ ಹೋದಳು. ಹತ್ತು ನಿಮಿಷಕ್ಕೆ ಬಂದಳು. ಐದು ಸಾವಿರ, ಹಾಸಿಕೊಡುವುದೂ ಸೇರಿ. ನಾನಾಗಿದ್ದರೆ ಆರಕ್ಕಿಂತ ಕೆಳಗೆ ಇಳಿಸಲಾಗುತ್ತಿರಲಿಲ್ಲ. "ಏನಂತ ಕೇಳಿದೆ?" ಅಂದೆ. "ಏನೂ ಕೇಳ್ಲಿಲ್ಲ. ಯಾಕೆ ಕುಂಟ್ತಿದ್ದೀರ ಅಂತ ಅವರೇ ಕೇಳಿದ್ರು, ಹೇಳ್ದೆ" ಅಂದಳು.

ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಕೆಲಸ ಇದ್ದರೆ ಕೇಳಿ. ಹುಲ್ಲು ಹಾಸುವ ಮುಂಚೆಯೇ ನೆಲ ಮಟ್ಟ ಮಾಡಿಸಿ. ಯಂತ್ರವನ್ನು ಗುತ್ತಿಗೆಗೆ ಕರೆಯಿರಿ, ಗಂಟೆಗಲ್ಲ. ಎಬ್ಬಿಸಿದ ಹುಲ್ಲನ್ನು ಅವತ್ತೇ ಹಾಸಿ ನೀರು ಕೊಡಿ. ಸಮಯ ಉಳಿದರೆ ಯಂತ್ರದವನಿಗೆ ಟೀ ಕೊಟ್ಟು ಕಳಿಸಿಬಿಡಿ, ಬೊಡ್ಡೆಗಳ ಸುದ್ದಿಗೆ ಹೋಗಬೇಡಿ. ನೀರನ್ನು ಬೆಳಿಗ್ಗೆ ಆರೂವರೆಯ ಒಳಗೆ ಹಾಕಿ ಮುಗಿಸಿ, ಏಕೆಂದರೆ ಏಳಕ್ಕೆ ಗೌರಿ ನಡೆಯಲು ಬರುತ್ತಾಳೆ, ಕಾಲಿಗೆ ಕೆಸರಾಗಬಾರದು. ಪೈಪು ಹಿಡಿಯುವ ಕೆಲಸ ನನ್ನದು. ದಿನಕ್ಕೆ ಒಂದು ಗಂಟೆ, ಕೂಲಿ ಇಲ್ಲ. ಚೌಕಾಸಿ ಮಾಡಲು ನೋಡಿದೆ, ಆಗಲಿಲ್ಲ.