ಚೆಲುವಯ್ಯ ಕೂರಿಸಿದ ಎರಡು ವಾಲ್ವು

ಎಲ್ಲಕ್ಕೂ ಮೂಲ ಬಸವಪ್ರಸಾದನ ಬಾಮೈದ ನೀಲಕಂಠಸ್ವಾಮಿ ಆಡಿದ ಒಂದು ಮಾತು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟುಕೊಂಡಿರುವ ಈ ಮನುಷ್ಯ ದೀಪಾವಳಿಗೆ ಅಕ್ಕನ ಮನೆಗೆ ಬಂದವನು, ಊಟವಾದ ಮೇಲೆ ಭಾವನ ಮ್ಯೂಸಿಕ್ ಸ್ಟ್ರೀಮರಿನ ಮುಂದೆ ಐದು ನಿಮಿಷ ಕೂತು, ಹಲ್ಲಿಗೆ ಸಿಕ್ಕಿಕೊಂಡ ಕೊಬ್ಬರಿ ತೆಗೆಯುತ್ತಾ, "ಚೆನ್ನಾಗೈತೆ ಬಾವ. ನಮ್ ಲಾರೀಲಿ ಡ್ರೈವರ್ ಹಾಕ್ಸವ್ನಲ್ಲ, ಅದೂ ಇಂಗೇ ಕೇಳುಸ್ತದೆ" ಅಂದುಬಿಟ್ಟ.

ಬಸವಪ್ರಸಾದನಿಗೆ ಆಮೇಲೆ ಎರಡು ದಿನ ಊಟ ಸೇರಲಿಲ್ಲ. ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದು ದಿನವಿಡೀ ಗೂಡು ಮಾರುವವರ ಜಗಳ, ಕೊಳ್ಳುವವರ ಕೂಗು ಕೇಳುವ ಬಡಪಾಯಿ ಅವನು. ಸಂಜೆ ಮನೆಗೆ ಬಂದು, ಇಂಟರ್ನೆಟ್ಟಿನಿಂದ ಹಾಡು ಎಳೆದು ಸ್ಪೀಕರಿಗೆ ಕೊಡುವ ಆ ಪೆಟ್ಟಿಗೆಯ ಮುಂದೆ ಒಂದು ಗಂಟೆ ವೀಣೆ ಕೇಳಿದರೇ ಅವನಿಗೆ ಹೋದ ಜೀವ ವಾಪಸ್ ಬರುತ್ತಿದ್ದದ್ದು. ಅಂಥದ್ದನ್ನು ಈರುಳ್ಳಿ ಲಾರಿಗೆ ಹೋಲಿಸಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಆ ಉರಿಯಲ್ಲೇ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಹತ್ತಿ ಗುಂಡ್ಲುಪೇಟೆಯ ಚೆಲುವಯ್ಯನ ಅಂಗಡಿಗೆ ಹೋದ. ಚೆಲುವಯ್ಯ ಹಳೇ ರೇಡಿಯೋ ಕಾಲದ ರಿಪೇರಿಯವನು. ಒಳಗಿನ ತಂತಿ ಕೆಂಪಗೆ ಉರಿಯುವ ಎರಡು ಗಾಜಿನ ವಾಲ್ವುಗಳನ್ನು ಯಾವುದೋ ಡಬ್ಬದಿಂದ ಹುಡುಕಿ ತೆಗೆದು, ಸ್ಟ್ರೀಮರಿನ ನೆತ್ತಿಯ ಮೇಲೆ ಕೂರಿಸಿ, ಹಿಂದುಗಡೆ ಒಂದು ಸ್ವಿಚ್ಚಿಟ್ಟ.

"ಇದ ಮ್ಯಾಲಕ್ಕಾಕುದ್ರೆ ಹಾಡು ಪಾಟು ಎಲ್ಲಾ ವಾಲ್ವಲ್ಲಿ ಬತ್ತದೆ ಸಾರ್. ಕೆಳಕ್ಕಾಕುದ್ರೆ ಮದ್ಲಂಗೇ ಬತ್ತದೆ. ಒಂದ್ಮಾತು ಗ್ಯಾಪಕ ಮಡಿಕಳಿ. ಬೆಳಿಗ್ಗೇನೇ ಆನ್ ಮಾಡ್ಬುಟ್ಟು ಸುಮ್ಕಿದ್ಬುಡಿ. ಸಂಜೆಗಂಟ ಕಾದ್ರೆ ಬಾಯ್ಬುಡ್ತದೆ. ನಡುವ್ಲಿ ಮುಟ್ಬ್ಯಾಡಿ" ಅಂದ ಚೆಲುವಯ್ಯ.

ಬಾಯಿ ಬಿಟ್ಟದ್ದು ಮೊದಲು ಹೆಂಡತಿ ಕಾವ್ಯಶ್ರೀ. ಅವಳು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು. ಹೊಲಿಗೆ ಮಿಷಿನ್ನು ಓಡಾಡುವ ದಾರಿಯಲ್ಲಿ ಎಲ್ಲರ ಮೊಣಕಾಲಿಗೂ ತಗಲುತ್ತಾ ನಿಂತಿತ್ತು. ಕಿಟಕಿ ಬೆಳಕು ಬೀಳುವ ಒಳ್ಳೆಯ ಮೂಲೆ ಸ್ಟ್ರೀಮರಿನ ಪಾಲಾಗಿತ್ತು.

"ರೀ, ಒಂದು ತೀರ್ಮಾನ ಆಗೋಗ್ಲಿ" ಅಂದಳು. "ಭಾನುವಾರ ನೀಲ್ಕಂಠ ಬತ್ತನೆ. ಎಲ್ರ ಕಣ್ಗೂ ಬಟ್ಟೆ ಕಟ್ಟಿ ಕೂರ್ಸನ. ಸ್ವಿಚ್ಚು ನಾನಾಕ್ತೀನಿ. ಐದು ಸಲದಲ್ಲಿ ನಾಕು ಸಲ ವಾಲ್ವು ಯಾವ್ದು ಅಂತ ಸರಿಯಾಗೇಳುದ್ರೆ ಡಬ್ಬ ಅಲ್ಲೇ ಇರ್ಲಿ, ನಾನಿನ್ನು ಮಾತೆತ್ತಕ್ಕಿಲ್ಲ. ಹೇಳ್ದಿದ್ರೆ ಡಬ್ಬ ಉಡಿಗಾಲದ ತೋಟದ ಪಂಪ್‌ಸೆಟ್ ಮನೆಗೆ, ನನ್ ಮಿಷಿನ್ನು ಆ ಮೂಲೆಗೆ."

ಪಂಪ್‌ಸೆಟ್ ಮನೆಯಲ್ಲಿ ಇಲಿಗಳಿಗೆ ವೀಣೆ ಕೇಳಿಸುವ ಚಿತ್ರ ಬಸವಪ್ರಸಾದನ ಕಣ್ಣ ಮುಂದೆ ಬಂದುಹೋಯಿತು. ಆದರೂ ಗಂಡಸು ನೋಡಿ, ಆಗಲಿ ಅಂದುಬಿಟ್ಟ.

ಆ ಭಾನುವಾರ ಬೆಳಗ್ಗೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಅವನ ತಾಯಿ ಕರಿಬಸಮ್ಮ ಸ್ಟೀಲಿನ ತಪ್ಪಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಮೂರು ದಿನದಿಂದ ಹಾಲು ಹೆಪ್ಪೇ ಹಿಡಿದಿರಲಿಲ್ಲ. ಸೊಸೆಯ ತವರಿನವರು ಬಂದಾಗ ಅಂಗಡಿ ಮೊಸರಿನ ಪ್ಯಾಕೆಟ್ಟು ಕತ್ತರಿಸಿ ಬಡಿಸುವುದೇ? ಅದಕ್ಕಿಂತ ಮುಖ ಮುಚ್ಚಿಕೊಂಡು ತೋಟಕ್ಕೆ ಹೋಗಿ ಕೂರುವುದು ವಾಸಿ ಅನ್ನುವ ಜಾಯಮಾನ ಆಕೆಯದು. ಮಗನಿಗೆ ಈ ಗೊಣಗಾಟ ಕೇಳಿಸಿತೇ ಹೊರತು ಕಿವಿಯೊಳಕ್ಕೆ ಇಳಿಯಲಿಲ್ಲ. ಅವನು ಏಳು ಗಂಟೆಗೆ ಸರಿಯಾಗಿ ಸ್ಟ್ರೀಮರ್ ಆನ್ ಮಾಡಿದ. ವಾಲ್ವುಗಳು ಮೆಲ್ಲಗೆ ಕೆಂಪಾದವು.

ಸ್ನಾನ ಮುಗಿಸಿ ಲಿಂಗಪೂಜೆಗೆ ಹೊರಟ ಕರಿಬಸಮ್ಮ ಆ ಕೆಂಪು ನೋಡಿ ನಿಂತಳು. ಕೈಮುಗಿದಳು. ಪೆಟ್ಟಿಗೆಯ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಪಕ್ಕಕ್ಕೆ ಒಂದು ಕಣಗಿಲೆ ಹೂ ಇಟ್ಟಳು.

"ಅವ್ವ, ಅದು ದೀಪ ಅಲ್ಲ ಕಣವ್ವ."

"ಉರೀತಾ ಅದೆ. ದೀಪ ಅಲ್ದೆ ಇನ್ನೇನ್ಲಾ?"

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಗುರುಪಾದಸ್ವಾಮಿ ಪೇಪರ್ ಕೇಳುವ ನೆಪದಲ್ಲಿ ಒಳಗೆ ಬಂದರು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಮೊದಲು ಗೊತ್ತಾಗುವುದು ಅವರಿಗೇ.

"ಪ್ರಸಾದು, ಅಗಲೊತ್ತು ಬಲ್ಬ್ ಯಾಕಯ್ಯ ಉರಿಸ್ತಿದ್ದೀಯ? ಇದು ಬಿಸಿ ಆಯ್ತದಾ?" ಎನ್ನುತ್ತಾ ಮೇಷ್ಟ್ರು, ಬೇಡ ಎನ್ನುವಷ್ಟರಲ್ಲಿ, ತೋರುಬೆರಳನ್ನು ವಾಲ್ವಿಗೆ ಒತ್ತಿದರು. ಆಮೇಲೆ ಬೆರಳನ್ನು ಬಾಯೊಳಗಿಟ್ಟುಕೊಂಡೇ ಮನೆಗೆ ನಡೆದರು.

ಇನ್ನು ಬರುವವರೆಲ್ಲ ಹೀಗೇ ಮುಟ್ಟಿ ನೋಡಿದರೆ ಗತಿಯೇನು ಎಂದು ಬಸವಪ್ರಸಾದ ಅಡುಗೆಮನೆಯಿಂದ ಸೊಪ್ಪು ತೊಳೆಯುವ ತೂತಿನ ಸ್ಟೀಲ್ ಬುಟ್ಟಿ ತಂದು ವಾಲ್ವುಗಳ ಮೇಲೆ ಬೋರಲು ಹಾಕಿದ. ಗಾಳಿ ಆಡುತ್ತದೆ, ಬೆರಳು ಹೋಗುವುದಿಲ್ಲ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಮೆಚ್ಚಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು.

ವಾಲ್ವು ತಣ್ಣಗಾದರೆ ಸಂಜೆ ಬಾಯಿ ಬಿಡುವುದು ಹೇಗೆ? ಬೀದಿಯಲ್ಲಿ ಇನ್ವರ್ಟರ್ ಇದ್ದದ್ದು ಒಂದೇ ಮನೆಯಲ್ಲಿ, ಅದೂ ಈಗ ಬೆರಳು ಸುಟ್ಟುಕೊಂಡವರ ಮನೆಯಲ್ಲಿ. ಮೇಷ್ಟ್ರು ಬೆರಳಿಗೆ ಜೇನುತುಪ್ಪ ಸವರಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಕೊಡ್ತೀನಯ್ಯ. ಆದ್ರೆ ಸಂಜೆ ಪರೀಕ್ಷೆಗೆ ನನ್ನೂ ಕೂರುಸ್ಬೇಕು. ಮೂವತ್ತೊರ್ಸ ಪರೀಕ್ಷೆ ಮಾಡ್ದೋನು ನಾನು."

ಬಸವಪ್ರಸಾದ ಒಪ್ಪಿಕೊಂಡು ವೈರು ಎಳೆಯತೊಡಗಿದ. ವೈರು ಸಾಲಲಿಲ್ಲ. ಇನ್ನೊಂದು ತುಂಡು ಗಂಟು ಹಾಕಿ, ಕಾಂಪೌಂಡ್ ಹತ್ತಿ, ಪರಂಗಿ ಗಿಡಕ್ಕೆ ಸುತ್ತಿ ಇಳಿಯುವಾಗ ಪಂಚೆ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಕೆಳಗೆ ನಿಂತ ಮೇಷ್ಟ್ರು ಎಡಕ್ಕೆ, ಬಲಕ್ಕೆ ಎಂದು ಸಲಹೆ ಕೊಡುತ್ತಲೇ ಇದ್ದರು. ಅಂತೂ ಮುಕ್ಕಾಲು ಗಂಟೆಯ ಮೇಲೆ ಕಿಟಕಿಯಿಂದ ಒಳಕ್ಕೆ ವೈರು ಕೊಟ್ಟು, ಪಂಚೆಯ ಹರಕನ್ನು ಕೈಯಲ್ಲಿ ಹಿಡಿದುಕೊಂಡು ನಡುಮನೆಗೆ ಬಂದರೆ, ಅವ್ವನ ಒಂದು ಹಳೇ ತೆಳು ನೂಲಿನ ಸೀರೆ ಪೆಟ್ಟಿಗೆ, ಬುಟ್ಟಿ ಎಲ್ಲವನ್ನೂ ಮುಚ್ಚಿಕೊಂಡು ಕೂತಿತ್ತು. ಅವಳೇ ಮುಂದೆ ಕಾವಲು ನಿಂತಿದ್ದಳು. ಅವನು ಪ್ಲಗ್ ಹಾಕಿದೊಡನೆ ಸೀರೆಯ ಅಂಚಿನ ಕೆಳಗೆ ಮತ್ತೆ ಕೆಂಪು ಮೂಡಿತು.

"ಉರೀತಾ ಅದಾ?" ಅಂದಳು.

"ಉರೀತಾ ಅದೆ ಕಣವ್ವ."

"ಅಂಗಾದ್ರೆ ಮುಟ್ಬ್ಯಾಡ. ಅಲ್ಲಾಡುಸ್ಬ್ಯಾಡ. ಸಂಜೆಗಂಟ ಅಂಗೇ ಇರ್ಲಿ."

ಥೇಟು ಚೆಲುವಯ್ಯನ ಮಾತು. ಮೇಷ್ಟ್ರ ಕಣ್ಣು ಬಿದ್ದೀತೆಂದು ದೃಷ್ಟಿ ತಾಗದ ಹಾಗೆ ಸೀರೆ ಮುಚ್ಚಿದ್ದಾಳೆ ತಾಯಿ. ಇಡೀ ಲೋಕ ಎದುರು ನಿಂತರೂ ಹೆತ್ತವಳು ಕೈಬಿಡುವುದಿಲ್ಲ ಅಂದುಕೊಂಡು ಬಸವಪ್ರಸಾದ ಸೀರೆಯ ತಂಟೆಗೇ ಹೋಗಲಿಲ್ಲ.

ಐದು ಗಂಟೆಗೆ ನೀಲಕಂಠಸ್ವಾಮಿಯ ಕಾರು ಬಂತು. ಅರ್ಧ ಮೂಟೆ ಈರುಳ್ಳಿ, ಒಂದು ಚೀಲ ನೇಂದ್ರ ಬಾಳೆಯ ಚಿಪ್ಸು ಇಳಿಸಿ, ಸೀರೆ ಉಟ್ಟ ಪೆಟ್ಟಿಗೆಯನ್ನು ನೋಡಿ ನಕ್ಕ.

"ಏನ್ ಬಾವ, ಡಬ್ಬಕ್ಕೆ ಸೀಮಂತನಾ? ನಮ್ ಡ್ರೈವರ್ರೂ ಆಚೆಗವ್ನೆ, ಕರ್ಯನಾ?"

"ಕೇಳ್ಬುಟ್ಟು ಮಾತಾಡಪ್ಪ" ಎಂದ ಬಸವಪ್ರಸಾದ.

ನೀಲಕಂಠ, ಮೇಷ್ಟ್ರು, ಕರಿಬಸಮ್ಮ ಮೂವರೂ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಸಾಲಾಗಿ ಕೂತರು. ಭಾವ ಕೆಮ್ಮಿ ಸನ್ನೆ ಮಾಡಬಹುದೆಂದು ನೀಲಕಂಠ ಅವನ ಕಣ್ಣಿಗೂ ಕಟ್ಟಿಸಿ, ಬಾಯಿಗೆ ಅಡಿಕೆ ಹಾಕಿಸಿದ. ಕಾವ್ಯಶ್ರೀ ಸೀರೆಯ ಹಿಂದೆ ಕೈಹಾಕಿ ಸ್ವಿಚ್ಚು ಹಿಡಿದಳು. ವೀಣೆ ಶುರುವಾಯಿತು.

ಮೊದಲ ಸಲ ಸುಮ್ಮನೆ ವೀಣೆ, ಹಿಂದೆ ಮೃದಂಗ. ಮೂವರೂ ಅಂದಾಜಿನ ಮೇಲೆ ವಾಲ್ವಲ್ಲ ಅಂದರು. ಬಸವಪ್ರಸಾದನಿಗೆ ಪಂಪ್‌ಸೆಟ್ ಮನೆಯ ಇಲಿಗಳು ಕಂಡವು. ಎರಡನೇ ಸಲ ಕಾವ್ಯಶ್ರೀ ಸ್ವಿಚ್ಚು ಒತ್ತಿದಳು. ಸದ್ದು ಸ್ವಲ್ಪ ತುಂಬಿಕೊಂಡಿತು. ಮೃದಂಗ ಧೀಂ ಎಂದಾಗಲೆಲ್ಲ ಅದರ ಬೆನ್ನಿಗೇ ಏನೋ ಒಂದು ಝಿಣ್ ಎಂದು ಸಣ್ಣಗೆ, ಬೆಳ್ಳಿಯ ಹಾಗೆ ಮಿಡಿಯಿತು. ಇಷ್ಟು ವರ್ಷ ಕೇಳಿದ ಅದೇ ವೀಣೆಯಲ್ಲಿ ಬಸವಪ್ರಸಾದ ಈ ನಾದ ಕೇಳಿಯೇ ಇರಲಿಲ್ಲ. ಅಡಿಕೆ ಅಗಿಯುವುದು ನಿಂತೇಹೋಯಿತು.

"ಇದು ಕಣಯ್ಯ ವಾಲ್ವು" ಅಂದರು ಮೇಷ್ಟ್ರು. "ಹಿಂದ್ಗಡೆ ಯಾರೋ ತಂಬೂರಿ ಮೀಟ್ದಂಗದೆ."

ನೀಲಕಂಠ ತಲೆದೂಗಿ, "ಗೆಜ್ಜೆ ಕಟ್ದಂಗದೆ. ಇದೇಯ" ಅಂದ.

"ಇದೇ ಇದೇ" ಅಂದಳು ಕರಿಬಸಮ್ಮ, ನಡುಗುವ ದನಿಯಲ್ಲಿ. "ಗೊತ್ತಾಯ್ತು ಬುಡು ಕಣವ್ವ ಕಾವ್ಯ, ಸಾಕು, ನಿಲ್ಸು."

ಕರಿಬಸಮ್ಮನಂಥ ಕರಿಬಸಮ್ಮನೇ ಕರಗಿಹೋದಳಲ್ಲ ಎಂದು ಮಗ ಹಿಗ್ಗಿದ. ಮೂರನೇ ಸಲ ಸ್ವಿಚ್ಚು ಕೆಳಗೆ, ಮೂವರೂ ಅಲ್ಲ ಅಂದರು. ನಾಲ್ಕನೆಯದು ಮೇಲೆ, ಮೂವರೂ ಹೌದು ಅಂದರು. ಐದನೆಯದಕ್ಕೆ ಮೊದಲ ಧೀಂ ಬೀಳುತ್ತಲೇ ಕರಿಬಸಮ್ಮ ಎದ್ದು ನಿಂತು, "ಅದೇಯ, ನಿಲ್ಸವ್ವ ತಾಯಿ" ಎಂದು ಕೈಮುಗಿದಳು. ಐದಕ್ಕೆ ಐದು.

"ಮಾತು ಅಂದ್ರೆ ಮಾತು" ಅಂದಳು ಕಾವ್ಯಶ್ರೀ. "ಡಬ್ಬ ಎಲ್ಲೂ ಓಗಕ್ಕಿಲ್ಲ."

ಬಸವಪ್ರಸಾದ ಟವೆಲ್ ಕಿತ್ತೆಸೆದ. ಹರಿದ ಪಂಚೆಯಲ್ಲೇ ಎದೆ ಉಬ್ಬಿಸಿ ಬಾಮೈದನ ಮುಂದೆ ನಿಂತ.

"ನಿಮ್ ಲಾರೀಲಿ ಇಂಗ್ ಕೇಳುಸ್ತದಾ?"

"ಇಲ್ಲ ಬಾವ. ಸೋತೆ."

ಎಂಥ ಸುಖ! ದೀಪಾವಳಿಯಿಂದ ನೆಟ್ಟಿದ್ದ ಮುಳ್ಳು ಆ ಎರಡು ಮಾತಿಗೆ ಕಳಚಿ ಬಿತ್ತು. ಆ ಗೆಲುವಿನಲ್ಲೇ ಪೆಟ್ಟಿಗೆಯ ಕಡೆ ತಿರುಗಿದ.

ಕರಿಬಸಮ್ಮ ಆಗಲೇ ಸೀರೆ ತೆಗೆದಿದ್ದಳು. ಬೋರಲು ಹಾಕಿದ ಸೊಪ್ಪಿನ ಬುಟ್ಟಿಯ ಮೇಲೆ, ವಾಲ್ವುಗಳ ನೇರಕ್ಕೆ, ಅವಳ ಸ್ಟೀಲ್ ತಪ್ಪಲೆ ಕೂತಿತ್ತು. ಅದರ ಮೇಲೊಂದು ಸಡಿಲ ಮುಚ್ಚಳ.

ಸ್ಪೀಕರಿನಲ್ಲಿ ವೀಣೆ ಇನ್ನೂ ವಾಲ್ವಿನ ತುಂಬಿದ ಸದ್ದಿನಲ್ಲೇ ನಡೆದಿತ್ತು. ಧೀಂ. ಮುಚ್ಚಳ ಝಿಣ್ ಅಂದಿತು. ಬಸವಪ್ರಸಾದ ಅದರ ಮೇಲೆ ಒಂದು ಬೆರಳಿಟ್ಟ. ಧೀಂ. ಝಿಣ್ ಇಲ್ಲ. ಬೆರಳು ತೆಗೆದ. ಧೀಂ, ಝಿಣ್. ತಂಬೂರಿಯೂ ಅದೇ, ಗೆಜ್ಜೆಯೂ ಅದೇ, ತಾಯಿಯ ನಡುಗುವ ದನಿಗೆ ಕಾರಣವೂ ಅದೇ. ಸುತ್ತ ನೋಡಿದ. ಯಾರಿಗೂ ಹೊಳೆದಿರಲಿಲ್ಲ. ಹೇಳುವಷ್ಟು ದಡ್ಡನೂ ಅವನಲ್ಲ. ಬೆರಳನ್ನು ಮೆಲ್ಲಗೆ ಜೇಬಿಗೆ ಇಳಿಸಿದ.

ಎಲ್ಲರ ಕಣ್ಣೂ ತಪ್ಪಲೆಯ ಮೇಲಿತ್ತು. ಕರಿಬಸಮ್ಮ ಮುಚ್ಚಳ ತೆಗೆದು ತಪ್ಪಲೆಯನ್ನು ಓರೆ ಮಾಡಿ ತೋರಿಸಿದಳು. ಮೊಸರು ಒಂದಿಷ್ಟೂ ಜಾರಲಿಲ್ಲ. ಚಾಕುವಿನಲ್ಲಿ ಕೊಯ್ದು ಹಂಚಬಹುದಾದಷ್ಟು ಗಟ್ಟಿಯಾಗಿತ್ತು.

ಊಟಕ್ಕೆ ಕೂತ ನೀಲಕಂಠ ಮೂರು ಸಲ ಹಾಕಿಸಿಕೊಂಡ. "ಚಳಿ ಬಂದಾಗಿಂದ ಇಂತಾ ಮೊಸ್ರು ತಿಂದಿಲ್ಲ ಬಾವ. ಚೆಲುವಯ್ಯಂಗೇಳಿ ನಮ್ಮನೆಗೂ ಒಂದು ಮಾಡ್ಸಿ. ಪಾಟು ಬ್ಯಾಡ, ವಾಲ್ವ್ ಇದ್ರೆ ಸಾಕು." ಮೇಷ್ಟ್ರು ಇನ್ವರ್ಟರ್ ತಮ್ಮದೆಂದು ಎರಡು ಸಲ ನೆನಪು ಮಾಡಿ, ಒಂದು ಬಟ್ಟಲು ಮನೆಗೂ ಕಟ್ಟಿಸಿಕೊಂಡರು.

ಎಲ್ಲರೂ ಹೊರಟ ಮೇಲೆ ಬಸವಪ್ರಸಾದ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತ. ಮುಚ್ಚಳವಿಲ್ಲದೆ ಚೆಲುವಯ್ಯನ ವಾಲ್ವು ನಿಜವಾಗಿ ಹೇಗಿದೆ, ಒಂದು ಸಲವಾದರೂ ನೆಮ್ಮದಿಯಾಗಿ ಕೇಳೋಣ ಎಂದು ಮೊಬೈಲ್ ತೆಗೆದ. ಅಷ್ಟರಲ್ಲಿ ಕರಿಬಸಮ್ಮ ಹೊಸ ಹಾಲಿನ ತಪ್ಪಲೆ ತಂದು ಬುಟ್ಟಿಯ ಮೇಲಿಟ್ಟು ಸೀರೆ ಹೊದಿಸಿದಳು.

"ಪಾಟಾಕ್ಬ್ಯಾಡ ಕಣ್ಲಾ" ಅಂದಳು. "ಐದ್ನಿಮ್ಸ ಹಾಕಿದ್ಕೇ ಅಂಚ್ಗೆ ನೀರ್ ಬುಟ್ಕೊಂಡಿತ್ತು. ಹೆಪ್ಪಾಕುದ್ ಮ್ಯಾಕೆ ಅಲ್ಲಾಡುಸ್ಬಾರ್ದು."

"ಬೆಳಿಗ್ಗೆ ಕೇಳ್ತೀನಿ ಬುಡು."

"ಬೆಳಿಗ್ಗೆ ಮೇಷ್ಟ್ರು ಮನೆ ಹಾಲು ಬತ್ತದೆ. ಸಂಜೆಗೆ ಎದುರ್ಮನೆ ಕರಿಯಮ್ಮುಂದು. ಆಗ್ಲೇ ಹೇಳೋಗವ್ಳೆ."

ಬಸವಪ್ರಸಾದ ಹೆಂಡತಿಯ ಮುಖ ನೋಡಿದ. ಅವಳು ಓಡಾಡುವ ದಾರಿಯಲ್ಲಿ ಮಿಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಾ, "ನಾನು ಮಾತು ಕೊಟ್ಟಿವ್ನಿ. ಡಬ್ಬ ಅಲ್ಲಿಂದ ಕದಲಕ್ಕಿಲ್ಲ" ಅಂದಳು.

"ಅಲ್ಲವ್ವ, ಮತ್ತೆ ನಾನು ವೀಣೆ ಯಾವಾಗ ಕೇಳ್ಲಿ?"

ಕರಿಬಸಮ್ಮ ಸೀರೆಯ ಅಂಚನ್ನು ಸರಿಪಡಿಸುತ್ತಾ ನ್ಯಾಯವಾಗಿಯೇ ಯೋಚಿಸಿದಳು. ಮಗನಲ್ಲವೇ, ಕರುಳು ಕೇಳಬೇಕಲ್ಲ.

"ಬ್ಯಾಸ್ಗೇಲಿ ಕೇಳುವೆ ಬುಡಪ್ಪ" ಅಂದಳು. "ಆಗ ಮೊಸ್ರು ತಾನಾಗೇ ಆಯ್ತದೆ."