ಪಟ್ಟಿ ಡಬ್ಬಿಯ ಎದುರು ಕುಂತ ಕಣ್ಣುಗಳು

ಬೇಡವೆಂದರೂ ಇಂಥ ಪ್ರಸಂಗಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಎಂಬತ್ತರ ದಶಕದಲ್ಲಿ ಹಾವೇರಿಯ ಒಂದು ಕಣ್ಣಿನ ದವಾಖಾನೆಯಲ್ಲಿ ಡಾಕ್ಟರರ ಸಹಾಯಕನಾಗಿದ್ದೆ. ಮಂದಿಯ ಕಣ್ಣು ನೋಡಿ ನೋಡಿ ಸಂಜೆ ಹೊತ್ತಿಗೆ ನನ್ನ ಕಣ್ಣೇ ಉರಿಯುತ್ತಿದ್ದವು. ನಮ್ಮಲ್ಲೊಂದು ಡಬ್ಬಿ ಇತ್ತು, ಮೈತುಂಬ ಕಪ್ಪು ಬಿಳಿ ಪಟ್ಟಿ. ಅದನ್ನು ಎದುರಿಗೆ ಹಿಡಿದು ತಿರುಗಿಸಿದರೆ, ನೋಡುವವರ ಕಣ್ಣು ಒಂದು ಪಟ್ಟಿಯ ಬೆನ್ನುಹತ್ತಿ ಸ್ವಲ್ಪ ದೂರ ಹೋಗಿ, ಥಟ್ಟನೆ ಹಿಂದಕ್ಕೆ ಜಿಗಿದು ಮುಂದಿನ ಪಟ್ಟಿಯನ್ನು ಹಿಡಿಯುತ್ತಿತ್ತು. ತಡೆಯುತ್ತೇನೆಂದರೂ ಆಗದು, ಕಾಣುವ ಕಣ್ಣಿನ ಗುಣವೇ ಅದು. ಡಬ್ಬಿ ತಿರುಗಿಸುವ ಕೆಲಸ ನನ್ನದು.

ಗುತ್ತಲದ ಬಸ್ಸು

ಒಮ್ಮೆ ನೇತ್ರ ಶಿಬಿರಕ್ಕೆಂದು ಗುತ್ತಲಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಎದುರು ಸೀಟಿನ ಹೆಣ್ಣುಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಓಡುವ ಗಿಡ, ಕಂಬಗಳ ಹಿಂದೆ ಅವಳ ಕಣ್ಣು ಹೋಗಿ ಹೋಗಿ ಜಿಗಿದು ಬರುತ್ತಿದ್ದವು. ನಮ್ಮ ಡಬ್ಬಿಯ ಆಟವೇ. ರೂಢಿಯಂತೆ ನೋಡುತ್ತ ಕುಳಿತುಬಿಟ್ಟೆ.

ಅವಳ ಗಂಡ ನನ್ನತ್ತ ಬಾಗಿ ಏನು ನೋಡುತ್ತೀರೆಂದು ಕೇಳಿದ. ಅಂಜಿ ಇದ್ದದ್ದು ಇದ್ದಂತೆ ಹೇಳಿದೆ: ನಾನು ಹಾವೇರಿಯ ಕಣ್ಣಿನ ದವಾಖಾನೆಯವನು, ಬಸ್ಸಿನಲ್ಲಿ ಹೊರಗೆ ನೋಡಿದರೆ ಕಣ್ಣು ಹೀಗೆ ಜಿಗಿಯುತ್ತವೆ, ಚಿಂತೆಯಿಲ್ಲ. ಅವನು ಹೆಂಡತಿಯ ಕಣ್ಣನ್ನು ಬಹಳ ಹೊತ್ತು ನೋಡಿದ. ಅವನ ಮುಖ ಸಣ್ಣದಾಯಿತು.

ಮರುದಿನ ದವಾಖಾನೆ ಬಾಗಿಲು ತೆರೆಯುವಷ್ಟರಲ್ಲಿ ಹೆಂಡತಿ, ತಾಯಿ, ತಮ್ಮಂದಿರ ಜೊತೆ ಅವನು ನಿಂತಿದ್ದ. ಅದು ರೋಗವಲ್ಲ, ಎಲ್ಲರಿಗೂ ಇರುತ್ತದೆಂದು ಡಾಕ್ಟರು ಬಿಡಿಸಿ ಹೇಳಿದರು.

"ಅದನ್ನ ನಾನೂ ಹೇಳಾಕತ್ತೇನ್ರಿ," ಅಂದ ಅವನು. "ಬಸ್ಸಿನ್ಯಾಗ ಒಬ್ಬರ ಕಣ್ಣು ಒಬ್ಬರು ನೋಡಿಕೋತ ಬಂದೇವಿ. ಮನಿಮಂದಿಗೆಲ್ಲಾ ಹತ್ತೇತಿ."

ಬ್ಯಾಡಗಿಯ ಶಿಬಿರ

ಬ್ಯಾಡಗಿಯಲ್ಲಂತೂ ಆ ಡಬ್ಬಿಯೇ ಔಷಧವೆಂದು ಸುದ್ದಿ ಹಬ್ಬಿತು. ತಪಾಸಣೆ ಬೇಡ, ಡಬ್ಬಿ ತಿರುಗಿಸಿದರೆ ಸಾಕೆಂದು ಸರದಿ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಸೋತಿತ್ತು. ಒಬ್ಬ ವ್ಯಾಪಾರಸ್ಥರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಇನ್ನೊಂದೀಟು ತಿರುಗಸ್ರಿ," ಅಂದರು, "ಬಲಗಣ್ಣಿಗೆ ಆತು, ಎಡಗಣ್ಣಿಗಿನ್ನೂ ಇಳದಿಲ್ಲ."

ಮಾಸ್ತರರ ಕತ್ತಲೆ

ರಾಣೆಬೆನ್ನೂರಿನ ಮಾಸ್ತರರೊಬ್ಬರು ಹೆಂಡತಿಯ ಹೆಗಲು ಹಿಡಿದು ಬಂದರು. ಮೇಡ್ಲೇರಿಗೆ ವರ್ಗಾವಣೆಯ ಆದೇಶ ಕೈಗೆ ಬಂದ ದಿನವೇ ಎರಡೂ ಕಣ್ಣಿಗೆ ಕತ್ತಲೆ ಕವಿದಿತ್ತಂತೆ. ಏನೂ ಕಾಣುವುದಿಲ್ಲ, ಒಂದು ಸರ್ಟಿಫಿಕೇಟು ಬೇಕೆಂದರು. ಡಾಕ್ಟರು ನನ್ನತ್ತ ನೋಡಿದರು. ನಾನು ಡಬ್ಬಿ ತಿರುಗಿಸಿದೆ. ಮಾಸ್ತರರ ಮುಖ ಕಲ್ಲಿನಂತಿತ್ತು, ಕಣ್ಣು ಮಾತ್ರ ಕುಣಿಯುತ್ತಿದ್ದವು.

ನಿಮ್ಮ ಕಣ್ಣು ಪಟ್ಟಿಗಳನ್ನು ಚೆನ್ನಾಗಿ ನೋಡುತ್ತಿವೆ ಎಂದರು ಡಾಕ್ಟರು. ಮಾಸ್ತರರು ಸ್ವಲ್ಪ ವಿಚಾರ ಮಾಡಿ ನಿಧಾನವಾಗಿ ಹೇಳಿದರು:

"ಕಣ್ಣಿಗೆ ಕಾಣಾಕತ್ತಿರಬೌದ್ರಿ. ನನಗ ಮಾತ್ರ ಏನೂ ಕಾಣವಲ್ದು."

ಮೋಟೆಬೆನ್ನೂರಿನ ಅಜ್ಜಿ

ಈ ಒಂದು ಪ್ರಸಂಗಕ್ಕೆ ಮಾತ್ರ ಆಗ ನಗು ಬಂದಿರಲಿಲ್ಲ. ಮೋಟೆಬೆನ್ನೂರಿನಿಂದ ಒಬ್ಬ ಅಜ್ಜಿ, ಮಗ, ಸೊಸೆ, ಸೊಸೆಯ ಕಂಕುಳಲ್ಲೊಂದು ಕೂಸು, ಹೀಗೆ ಬಂದರು. ಕೂಸಿಗೆ ಕಣ್ಣಿಲ್ಲವೆಂದು ಅಜ್ಜಿ ಮನೆಯಲ್ಲಿ ಸಾರಿಬಿಟ್ಟಿದ್ದಳು. "ನಾ ಎಷ್ಟು ಕರದ್ರೂ ನನ್ನ ಮಾರಿ ನೋಡೂದಿಲ್ಲ" ಎಂಬುದೇ ಅವಳ ಪುರಾವೆ. ಸೊಸೆಯನ್ನು ತವರಿಗೆ ಕಳಿಸುವ ಮಾತೂ ನಡೆದಿತ್ತು.

ಕೂಸಿನೆದುರು ಡಬ್ಬಿ ತಿರುಗಿಸಿದೆ. ಪುಟ್ಟ ಕಣ್ಣು ಪಟ್ಟಿಯ ಹಿಂದೆ ಹೋದವು, ಜಿಗಿದು ಬಂದವು. ಉಲ್ಟಾ ತಿರುಗಿಸಿದೆ, ಅವೂ ಉಲ್ಟಾ ಹೊರಟವು. ಕೂಸಿಗೆ ಕಾಣುತ್ತದೆ ಎಂದರು ಡಾಕ್ಟರು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಜ್ಜಿ ಒಪ್ಪಲಿಲ್ಲ. ಡಬ್ಬಿಯನ್ನು ನೋಡುವ ಕೂಸು ತನ್ನನ್ನೇಕೆ ನೋಡುವುದಿಲ್ಲವೆಂದು ಜಗಳಕ್ಕೆ ನಿಂತಳು. ಸಾಕಾಗಿ ಡಾಕ್ಟರು ಅವಳನ್ನೇ ಕುರ್ಚಿಯಲ್ಲಿ ಕೂರಿಸಿದರು. ನಾನು ತಿರುಗಿಸಿದೆ. ಅವಳ ಕಣ್ಣು ಅಲುಗಲಿಲ್ಲ. ಇನ್ನೂ ಹತ್ತಿರ ಹಿಡಿದು ಜೋರಾಗಿ ತಿರುಗಿಸಿದೆ.

"ಲಗೂನ ತಿರುಗಸ್ರಿ," ಅಂದಳು ಅಜ್ಜಿ, "ಎಷ್ಟೊತ್ತು ಸುಮ್ಮನ ಕುಂದ್ರಲಿ?"

ಎರಡೂ ಕಣ್ಣಿಗೆ ಪೊರೆ ಗಟ್ಟಿಯಾಗಿ ಕೂತಿತ್ತು. ಕೂಸು ಅವಳನ್ನು ನೋಡುತ್ತಲೇ ಇತ್ತು. ಅದು ನೋಡುವುದು ಇವಳಿಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲವೆಂದು ಗೊತ್ತಾದರೆ ತಿಜೋರಿಯ ಕೀಲಿಕೈ ಸೊಸೆಗೆ ಹೋದೀತೆಂದು ಯಾರಿಗೂ ಹೇಳದೆ, ಮನೆಯೊಳಗೆ ಗೋಡೆ ಸವರಿಕೊಂಡೇ ಓಡಾಡುತ್ತಿದ್ದಳಂತೆ.

ಆಪರೇಷನ್ ಆಯಿತು. ದಪ್ಪ ಚಷ್ಮಾ ಹಾಕಿದ ದಿನ ಸೊಸೆಯೇ ಕೂಸನ್ನು ಎತ್ತಿ ಅವಳ ಮುಖದೆದುರು ಹಿಡಿದಳು. ಕೂಸು ಅಜ್ಜಿಯನ್ನು ನೋಡಿತು. ಅಜ್ಜಿ ಕೂಸನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಈಗಲಾದರೂ ಸೊಸೆಗೊಂದು ಒಳ್ಳೆಯ ಮಾತು ಬಂದೀತೆಂದು ನಾವೆಲ್ಲ ಕಾದು ನಿಂತೆವು.

"ನೋಡತೈತಿ, ಖರೇ," ಅಂದಳು ಅಜ್ಜಿ. "ಆದರ ಮೂಗು ಬೀಗರ ಕಡೀದು ಐತಿ ಅಂತ ಒಬ್ಬರೂ ನನಗ ಹೇಳಲಿಲ್ಲಲ್ಲ."