ಉಪಚಾರದ ಕೊಕ್ಕರೆ

ಹಿರಿಯೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಮೌನೇಶಾಚಾರಿಯ ಅಂಗಡಿ. ಹಳೆಯ ಗುದ್ದಲಿ, ಸೈಕಲ್ ಚೈನು, ಸ್ಕೂಟರಿನ ಬಿಡಿಭಾಗಗಳನ್ನೆಲ್ಲ ಬೆಸೆದು ಅಂಗಳದಲ್ಲಿಡುವ ನವಿಲು, ಕಪ್ಪೆ, ಕನ್ನಡಕ ಹಾಕಿದ ಕೋಳಿ ಮಾಡಿ ಮಾರುತ್ತಿದ್ದ. ಪಾಲಾಕ್ಷಮ್ಮನಿಗೆ ಅಂಗಳವಿರಲಿ, ಒಂದು ಹೂವಿನ ಕುಂಡವೂ ಇರಲಿಲ್ಲ. ಬಾಡಿಗೆಯ ಒಂದು ಕೋಣೆ, ಒಂದು ಹೊಲಿಗೆ ಯಂತ್ರ, ಅಷ್ಟೆ. ಆದರೂ ಭಾನುವಾರ ಬಸ್ಸು ಹತ್ತಿ ಬಂದು ಎಲ್ಲವನ್ನೂ ನೋಡಿಕೊಂಡು ಹೋಗುವಳು. ಇಲ್ಲಿ ಒಬ್ಬ ಮನುಷ್ಯ 'ಬನ್ನಿ ಅಕ್ಕ' ಅನ್ನುತ್ತಾನೆ. ವಾರವಿಡೀ ಬೇರೆ ಯಾರೂ ಅನ್ನುವುದಿಲ್ಲ.

"ಬನ್ನಿ ಅಕ್ಕ, ಹೊಸದೊಂದು ಮಾಡೀನಿ," ಎಂದು ಆ ಭಾನುವಾರ ಆಚಾರಿ ಆಕೆಯನ್ನು ಆಳೆತ್ತರದ ಕೊಕ್ಕರೆಯ ಮುಂದೆ ನಿಲ್ಲಿಸಿದ. ಅದರ ಹೊಟ್ಟೆಯಲ್ಲಿ ಬಿಸಿ ಕಾಫಿ, ಕೊಕ್ಕಿನಲ್ಲಿ ನಲ್ಲಿ, ತಲೆಯಲ್ಲಿ ಸ್ವಂತ ಬುದ್ಧಿ. "ಬಂದೋರು ಫೋಟೋ ಹೊಡ್ಕೊಂಡು ಹೋಗ್ತಾರೆ, ಕೂತು ಮಾತಾಡೋರೇ ಇಲ್ಲ. ಇದು ಉಪಚಾರ ಮಾಡಿ ಕೂರಿಸ್ತದೆ. ನಮ್ಮ ಜನ ಸಂಕೋಚಕ್ಕೆ ಬ್ಯಾಡ ಅಂತಾರಲ್ಲ, ಅದನ್ನ ನಂಬಬ್ಯಾಡ ಅಂತ ಕಲಿಸೀನಿ."

ಅಷ್ಟರಲ್ಲಿ ಕಾರೊಂದು ನಿಂತು ಗಂಡ ಹೆಂಡತಿ ಇಳಿದರು.

"ಕಾಫಿ ತಗೊಳ್ಳಿ," ಎಂದಿತು ಕೊಕ್ಕರೆ.

"ಬೇಡ, ಈಗಷ್ಟೇ ಆಯ್ತು," ಎಂದ ಗಂಡ.

ಕೊಕ್ಕರೆ ಲೋಟ ತುಂಬಿಸಿತು. "ಸಂಕೋಚ ಪಡಬ್ಯಾಡಿ!"

"ನಿಜವಾಗ್ಲೂ ಬೇಡ," ಎಂದಳು ಹೆಂಡತಿ. ಕೊಕ್ಕರೆಗೆ ಹುರುಪೇರಿತು. ಗಂಡನ ಕಾಲರು ಕಚ್ಚಿ ಎತ್ತಿ ಕಬ್ಬಿಣದ ಕಪ್ಪೆಯ ಬೆನ್ನ ಮೇಲೆ ಕೂರಿಸಿತು. ಅವನು ಬೇಡ ಎಂದು ಕೂಗಿಕೊಂಡಷ್ಟೂ ಲೋಟದ ಮೇಲೆ ಲೋಟ ಬಂತು.

"ನಿಲ್ಸಯ್ಯ ಇದನ್ನ!"

"ಮೊದ್ಲು ನೀವು ಬ್ಯಾಡ ಅನ್ನೋದು ನಿಲ್ಸಿ ಸ್ವಾಮಿ," ಎನ್ನುತ್ತ ಆಚಾರಿ ಸ್ಪ್ಯಾನರ್ ಹಿಡಿದು ಓಡಿದ. ಇಬ್ಬರೂ ಬಿದ್ದಂಬೀಳ ಕಾರು ಹತ್ತಿದರು. ಕೊಕ್ಕರೆ ಕಿಟಕಿಯೊಳಗೆ ಕತ್ತು ತೂರಿಸಿ ಕಾರಿನ ಗೇರಿಗೂ ಒಂದು ಲೋಟ ಕುಡಿಸಿ ಕಳಿಸಿತು.

ಆಮೇಲೆ ಪಾಲಾಕ್ಷಮ್ಮನ ಕಡೆ ತಿರುಗಿತು. "ಕಾಫಿ ತಗೊಳ್ಳಿ."

ಒಡಹುಟ್ಟಿದವಳು ತೀರಿಕೊಂಡ ಮೇಲೆ ಆಕೆಗೆ ಯಾರೂ ಏನನ್ನೂ ತಗೋ ಎಂದು ಬಲವಂತ ಮಾಡಿರಲಿಲ್ಲ. ಎರಡೂ ಕೈ ಚಾಚಿದಳು. "ಕೊಡಪ್ಪ," ಎಂದಳು.

ಒಂದೇ ಮಾತಿಗೆ ಒಪ್ಪುವವರೂ ಇರುತ್ತಾರೆಂದು ಆಚಾರಿ ಅದಕ್ಕೆ ಕಲಿಸಿರಲಿಲ್ಲ. ಕೊಕ್ಕರೆ ಗರಗರ ಸದ್ದು ಮಾಡಿತು, ಎರಡು ಹೆಜ್ಜೆ ಹಿಂದೆ ಸರಿಯಿತು. "ಬ್ಯಾಡ, ನಂದು ಈಗ ತಾನೇ ಆಯ್ತು," ಎಂದು ನಾಚಿ, ಇದ್ದ ಕಾಫಿಯನ್ನೆಲ್ಲ ತನ್ನ ಕಾಲ ಮೇಲೇ ಸುರಿದುಕೊಂಡು ಹೊಗೆಯಾಡುತ್ತ ಮಗುಚಿ ಬಿತ್ತು.

ಅದರ ಮೇಲೆ ಬಾಗಿದ್ದ ಆಚಾರಿ ಹೊಗೆಯ ನಡುವಿಂದ ತಲೆ ಎತ್ತಿದ. "ಒಳಗೆ ಸ್ಟೋವ್ ಐತೆ ಅಕ್ಕ. ನಾನೇ ಒಂದು ಲೋಟ ಮಾಡ್ಲಾ?"

"ಬ್ಯಾಡಪ್ಪ," ಎಂಬ ಮಾತು ರೂಢಿಯಂತೆ ಬಾಯಿಂದ ಜಾರಿತು.

"ಸರಿ ಅಕ್ಕ," ಎಂದು ಅವನು ಸ್ಪ್ಯಾನರ್ ಎತ್ತಿಕೊಂಡ.

ಇನ್ನೊಂದು ಸಲ ಕೇಳಿಯಾನೆಂದು ಪಾಲಾಕ್ಷಮ್ಮ ಬಸ್ಸು ಬರುವ ತನಕ ಆ ಕಬ್ಬಿಣದ ನವಿಲು, ಕೋಳಿಗಳ ನಡುವೆ ನಿಂತೇ ಇದ್ದಳು. ಅವನು ಕೇಳಲಿಲ್ಲ. ತನಗೆ ಗೊತ್ತಿದ್ದ ಉಪಚಾರವನ್ನೆಲ್ಲ ಕೊಕ್ಕರೆಗೇ ತುಂಬಿಬಿಟ್ಟಿದ್ದ.